ಕವಿತೆಯ ಅರ್ಥ ಯಾರದು?

ಪದ್ಯವನ್ನು ಓದಿದೊಡನೆ ಅದರ ಸಾರಾಂಶವನ್ನು ಕಂಠಪಾಠ ಮಾಡುವುದು ನಮ್ಮಲ್ಲಿ ಅನೇಕರ ರೂಢಿ. ಪರೀಕ್ಷೆಗೆ ಅದು ಸಾಲಬಹುದು; ಕವಿತೆಗೆ ಸಾಲದು ಎಂಬುದು ನನ್ನ ಅಭಿಪ್ರಾಯ.

ಶಿರಾಳಕೊಪ್ಪದ ನಮ್ಮ ಮನೆಯಲ್ಲಿ ಅಜ್ಜಿ ನನಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಓದಿ ಹೇಳುತ್ತಿದ್ದರು. ಅದು ಆಂಗ್ಲ ಕವಿ ರಾಬರ್ಟ್ ಬ್ರೌನಿಂಗನ ಕವನವನ್ನು ಆಧರಿಸಿದ್ದು. ಆದರೂ ಅದರ ಇಲಿಗಳೆಲ್ಲ ನಮ್ಮ ಅಟ್ಟದಿಂದಲೇ ಇಳಿದು ಬಂದಂತೆ ನನಗೆ ತೋರುತ್ತಿತ್ತು. ಮುಂದೆ ತರಗತಿಯಲ್ಲಿ ಆ ಕವಿತೆಯ ನೀತಿಯೇನೆಂಬ ಪ್ರಶ್ನೆ ಬಂದಿತು. ಕೊಟ್ಟ ಮಾತಿಗೆ ತಪ್ಪಬಾರದು ಎಂದು ಎಲ್ಲರೂ ಬರೆದರು. ನಾನು ಮಾತ್ರ, ಜೋಗಿಯ ಹಿಂದೆ ಓಡಲಾರದೆ ಉಳಿದುಹೋದ ಕುಂಟ ಬಾಲಕನ ಒಂಟಿತನವನ್ನು ಕುರಿತು ಬರೆದೆ. ಅಂಕ ದೊರೆಯಲಿಲ್ಲ. ಆದರೆ ಅಂದಿನಿಂದ, ಆಟದಲ್ಲಿ ಹಿಂದುಳಿದವರನ್ನು ಬಿಟ್ಟು ಓಡಲು ನನ್ನ ಮನಸ್ಸು ಒಪ್ಪಲಿಲ್ಲ.

ಹಾಗೆಂದು ಮನಬಂದಂತೆ ಅರ್ಥ ಹೇಳಬಹುದೇ? ಸಲ್ಲದು. ನಮ್ಮ ಅನಿಸಿಕೆಗೆ ಕವಿಯ ಮಾತೇ ಆಧಾರವಾಗಿರಬೇಕು. ಆ ಬಾಲಕನು ಕವಿತೆಯಲ್ಲಿಯೇ ಇದ್ದಾನೆ; ನಾನು ಕಲ್ಪಿಸಿಕೊಂಡವನಲ್ಲ. ನೀತಿಯನ್ನು ಬರೆದವರದು ತಪ್ಪಲ್ಲ. ಆದರೆ ಅದೊಂದೇ ಸರಿಯೆಂಬುದು ತಪ್ಪು.

ನಮ್ಮೂರಿನ ಸಮೀಪದ ತಾಳಗುಂದದಲ್ಲಿ, ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವು ಸುಮಾರು 1500 ವರ್ಷಗಳಿಂದ ಶಿಲಾಸ್ತಂಭದ ಮೇಲೆ ಉಳಿದುಬಂದಿದೆ. ಕಲ್ಲು ಅಕ್ಷರಗಳನ್ನು ಕಾಪಾಡಬಲ್ಲದು. ಅವುಗಳಿಗೆ ಮಿಡಿಯಬೇಕಾದವರು ಓದುಗರೇ. ಗೆಳೆಯರೇ, ಸಾರಾಂಶವನ್ನು ಬರೆಯುವ ಮೊದಲು ಕವಿತೆಯನ್ನು ಒಮ್ಮೆ ಗಟ್ಟಿಯಾಗಿ ಓದಿರಿ. ನಿಮ್ಮ ಮನಸ್ಸು ಏನೆನ್ನುವುದೆಂದು ಕೇಳಿರಿ.