ಕಡಲಾಚೆಯ ಕಲಿಕೆ, ಹಿತ್ತಿಲ ಮರ

ಕೊನೆಯ ಗಂಟೆ ಬಾರಿಸಿ ಮಕ್ಕಳೆಲ್ಲ ಮನೆಯ ಹಾದಿ ಹಿಡಿದ ಮೇಲೆ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಮೊನ್ನೆ ನಮ್ಮನ್ನು ಕಾಣಲು ಶಾಲೆಗೆ ಬಂದಿದ್ದರು. ಅಡಕೆ ತೋಟದ ಗೃಹಸ್ಥರು. ಮಗಳಿಗೆ ವಿದೇಶದ ವಿಶ್ವವಿದ್ಯಾನಿಲಯವೊಂದರಲ್ಲಿ ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಯ ಅಧ್ಯಯನಕ್ಕೆ ವಿದ್ಯಾರ್ಥಿವೇತನ ದೊರೆತಿದೆಯಂತೆ. ಆದರೆ ಅವರ ಮುಖದಲ್ಲಿ ಸಂತೋಷಕ್ಕಿಂತ ಚಿಂತೆಯೇ ಹೆಚ್ಚಾಗಿ ಕಾಣುತ್ತಿತ್ತು.

“ಮಾಷ್ಟ್ರೇ, ನಮ್ಮ ಅಜ್ಜಂದಿರು ಶಾಲೆಯ ಮೆಟ್ಟಿಲು ಹತ್ತದೆಯೇ ಸುರಂಗ ತೋಡಿ ಗುಡ್ಡದ ಹೊಟ್ಟೆಯಿಂದ ನೀರು ತಂದವರಲ್ಲವೇ? ಮರ ನೆಡುವುದನ್ನೂ ನೀರು ಉಳಿಸುವುದನ್ನೂ ಕಲಿಯಲು ಕಡಲು ದಾಟಬೇಕೋ? ದಾಟಿದವಳು ತಿರುಗಿ ಬಂದಾಳೋ?”

ಈ ಪ್ರಶ್ನೆ ಅವರೊಬ್ಬರದಲ್ಲ. ಮಕ್ಕಳನ್ನು ದೂರಕ್ಕೆ ಕಳುಹಿಸುವ ಎಲ್ಲ ಮನೆಗಳದು. ಬರಿಯ ಉಪದೇಶದಿಂದ ಇದಕ್ಕೆ ಉತ್ತರ ಹೇಳಲಾಗದೆಂದು ತೋರಿ, ನಾವು ಅವರಿಗೆ ಕೀನ್ಯಾ ದೇಶದ ವಂಗಾರಿ ಮಾಥಾಯಿಯವರ ಕಥೆಯನ್ನು ಹೇಳಿದೆವು. ಓದುಗರಿಗೂ ಅದನ್ನೇ ನಿವೇದಿಸುತ್ತೇವೆ.

ವಂಗಾರಿ 1940ರಲ್ಲಿ ನ್ಯೇರಿ ಸೀಮೆಯ ಇಹಿತೆ ಎಂಬ ಹಳ್ಳಿಯಲ್ಲಿ ಜನಿಸಿದರು. ಹೆಣ್ಣುಮಕ್ಕಳು ಶಾಲೆಗೆ ಹೋಗುವುದು ಅಪರೂಪವಾಗಿದ್ದ ಕಾಲವದು. “ವಂಗಾರಿ ಏಕೆ ನಮ್ಮಂತೆ ಶಾಲೆಗೆ ಬರುವುದಿಲ್ಲ?” ಎಂದು ಅಣ್ಣನು ತಾಯಿಯನ್ನು ಕೇಳಿದನಂತೆ. ತಾಯಿ ಕ್ಷಣಕಾಲ ಯೋಚಿಸಿ ಒಪ್ಪಿದರು. ಮುಂದೆ ದೊರೆತ ವಿದ್ಯಾರ್ಥಿವೇತನಗಳಿಗೆಲ್ಲ ಮೂಲ ಆ ಅಣ್ಣನ ಪ್ರಶ್ನೆಯೇ ಎಂದು ನಾವು ಭಾವಿಸುತ್ತೇವೆ.

ಮನೆಯ ಸಮೀಪದಲ್ಲಿ ಒಂದು ಹೆಮ್ಮರವಿತ್ತು. ನಮ್ಮ ಅತ್ತಿ, ಅಶ್ವತ್ಥಗಳ ಕುಲಕ್ಕೆ ಸೇರಿದ್ದು. ಅದು ದೇವರ ಮರ, ಅದರ ಒಣಕಡ್ಡಿಯನ್ನೂ ಸೌದೆಗೆಂದು ಆಯಬಾರದು ಎಂದು ತಾಯಿ ಹೇಳಿಕೊಟ್ಟಿದ್ದರು. ಅದರ ಹತ್ತಿರವೇ ಒಂದು ತೊರೆ ಹರಿಯುತ್ತಿತ್ತು. ನೀರು ತರಲು ಹೋದ ಹುಡುಗಿ ಕಪ್ಪೆಯ ಮೊಟ್ಟೆಗಳ ಎಳೆಯನ್ನು ಮಣಿಸರವೆಂದು ಬಗೆದು ಕೈಗೆತ್ತಿಕೊಳ್ಳುವಳು, ಅದು ಹರಿದುಹೋಗುವುದು, ಮತ್ತೆ ಎತ್ತಿಕೊಳ್ಳುವಳು.

1960ರಲ್ಲಿ ಅಮೆರಿಕಕ್ಕೆ ವಿದ್ಯಾರ್ಥಿವೇತನದ ಮೇಲೆ ತೆರಳಿದ ಸುಮಾರು 300 ಮಂದಿ ಕೀನ್ಯಾ ವಿದ್ಯಾರ್ಥಿಗಳಲ್ಲಿ ವಂಗಾರಿಯೂ ಒಬ್ಬರು. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ಅದು ಬಂದದ್ದು 1963ರಲ್ಲಿ. ಕ್ಯಾನ್ಸಾಸ್ ರಾಜ್ಯದ ಅಚಿಸನ್ ಪಟ್ಟಣದಲ್ಲಿ ಕ್ರೈಸ್ತ ಸಂನ್ಯಾಸಿನಿಯರು ನಡೆಸುತ್ತಿದ್ದ ಕಾಲೇಜಿನಲ್ಲಿ ಅವರು ಜೀವಶಾಸ್ತ್ರವನ್ನು ಅಭ್ಯಸಿಸಿ 1964ರಲ್ಲಿ ಪದವೀಧರೆಯಾದರು. ಅನಂತರ ಪಿಟ್ಸ್‌ಬರ್ಗ್ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗ. ಉಕ್ಕಿನ ಕಾರ್ಖಾನೆಗಳ ಹೊಗೆಗೆ ಹೆಸರಾಗಿದ್ದ ಆ ಊರಿನಲ್ಲಿ ನಾಗರಿಕರೇ ಮುಂದಾಗಿ ಗಾಳಿಯನ್ನು ಶುಚಿಗೊಳಿಸಲು ಹೋರಾಡುತ್ತಿದ್ದರು. ಕೆಟ್ಟದ್ದನ್ನು ಮತ್ತೆ ಸರಿಪಡಿಸಬಹುದೆಂಬುದನ್ನು ಅವರು ಮೊದಲು ಕಂಡದ್ದು ಅಲ್ಲಿ. ಸುಸ್ಥಿರ ಅಭಿವೃದ್ಧಿಯೆಂಬ ಮಾತು ಲೋಕದಲ್ಲಿ ಪ್ರಚಾರಕ್ಕೆ ಬಂದದ್ದು 1987ರ ಬ್ರುಂಟ್‌ಲ್ಯಾಂಡ್ ವರದಿಯ ತರುವಾಯ. ಆದರೆ ಪಾಠ ಆಗಲೇ ಆರಂಭವಾಗಿತ್ತು.

1966ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಕೊಡುತ್ತೇವೆಂದು ಪತ್ರಮುಖೇನ ತಿಳಿಸಿದ್ದ ಹುದ್ದೆಯನ್ನು ಅಷ್ಟರಲ್ಲಿ ಬೇರೊಬ್ಬರಿಗೆ ಕೊಟ್ಟಾಗಿತ್ತು. ಕಡಲು ದಾಟಿ ಬಂದವರಿಗೆಲ್ಲ ಹೂಮಾಲೆ ಕಾದಿರುವುದಿಲ್ಲ. ಅವರು ಎದೆಗುಂದದೆ ಪಶುವೈದ್ಯ ವಿಭಾಗದಲ್ಲಿ ಬೇರೆ ಕೆಲಸ ಹಿಡಿದರು, ಜರ್ಮನಿಯಲ್ಲೂ ಅಧ್ಯಯನ ಮಾಡಿದರು. 1971ರಲ್ಲಿ ಡಾಕ್ಟರೇಟ್ ಗಳಿಸಿ, ಪೂರ್ವ ಹಾಗೂ ಮಧ್ಯ ಆಫ್ರಿಕಾದಲ್ಲಿ ಆ ಪದವಿ ಪಡೆದ ಪ್ರಥಮ ಮಹಿಳೆಯೆನಿಸಿದರು.

ಸಂಶೋಧನೆಗೆಂದು ಹಸುಗಳ ಮೈಮೇಲಿನ ಉಣ್ಣಿಗಳನ್ನು ಸಂಗ್ರಹಿಸುತ್ತ ಹಳ್ಳಿಗಾಡಿನಲ್ಲಿ ತಿರುಗುವಾಗ, ನದಿಗಳು ಮಣ್ಣು ಹೊತ್ತು ಕೆಂಪಾಗಿ ಹರಿಯುವುದನ್ನೂ ದನಗಳು ಬಡಕಲಾಗಿರುವುದನ್ನೂ ಅವರು ಕಂಡರು. ಹುಟ್ಟೂರಿನಲ್ಲಿ ದೇವರ ಮರವನ್ನು ಕಡಿದು, ಆ ನೆಲದಲ್ಲಿ ಚಹಾ ಗಿಡ ನೆಟ್ಟಿದ್ದರು. ತೊರೆ ಬತ್ತಿತ್ತು, ಕಪ್ಪೆಗಳೂ ಇರಲಿಲ್ಲ. ಮರದ ಆಳವಾದ ಬೇರುಗಳೇ ಕಲ್ಲನ್ನು ಸೀಳಿ ಅಂತರ್ಜಲಕ್ಕೆ ದಾರಿ ಮಾಡಿಕೊಟ್ಟಿದ್ದವೆಂಬುದು ವಿಜ್ಞಾನ ಓದಿದ ಮಗಳಿಗೆ ಈಗ ಅರ್ಥವಾಯಿತು. ತಾಯಿಯ ಮಾತಿನಲ್ಲಿದ್ದ ತಿಳಿವು ಅಷ್ಟು ದೊಡ್ಡದು. ಆದರೆ ಅದನ್ನು ತಿಳಿಯುವ ಹೊತ್ತಿಗೆ ಮರವೇ ಉಳಿದಿರಲಿಲ್ಲ.

1977ರ ಜೂನ್ 5ರಂದು ನೈರೋಬಿಯಲ್ಲಿ ಏಳು ಗಿಡಗಳನ್ನು ನೆಡುವುದರೊಂದಿಗೆ ಅವರ ‘ಗ್ರೀನ್ ಬೆಲ್ಟ್’ ಚಳವಳಿ ಮೊದಲಾಯಿತು. ಸೌದೆಗೂ ನೀರಿಗೂ ಮೈಲಿಗಟ್ಟಲೆ ನಡೆಯುತ್ತಿದ್ದ ಹಳ್ಳಿಯ ಹೆಂಗಸರೇ ಬೀಜ ಆಯ್ದು ಸಸಿ ಬೆಳೆಸಿದರು. ಬದುಕುಳಿದ ಪ್ರತಿ ಸಸಿಗೂ ಅವರಿಗೆ ಅಲ್ಪ ಸಂಭಾವನೆಯಿತ್ತು; ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಎಂಬುದನ್ನು ಗಮನಿಸಬೇಕು. 2004ರಲ್ಲಿ ವಂಗಾರಿಯವರಿಗೆ ನೊಬೆಲ್ ಶಾಂತಿ ಪುರಸ್ಕಾರ ಬಂದಾಗ ನೆಟ್ಟ ಮರಗಳ ಸಂಖ್ಯೆ ಮೂರು ಕೋಟಿ ದಾಟಿತ್ತು. 2011ರಲ್ಲಿ ಅವರು ತೀರಿಕೊಂಡಾಗ, ಅವರ ಇಚ್ಛೆಯಂತೆ, ಶವಪೆಟ್ಟಿಗೆಗಾಗಿ ಒಂದು ಮರವನ್ನೂ ಕಡಿಯಲಿಲ್ಲ. ಬಿದಿರು ಮತ್ತು ಜೊಂಡಿನಿಂದ ಅದನ್ನು ಹೆಣೆದರು.

ಕಥೆ ಮುಗಿದ ಮೇಲೆ ನಾವು ಆ ಮಹನೀಯರಿಗೆ ಹೇಳಿದ್ದಿಷ್ಟು: “ಮಗಳನ್ನು ಕಳುಹಿಸಿ. ಅಜ್ಜಂದಿರು ಕೈಯಿಂದ ಅರಿತದ್ದನ್ನು ಕಾರಣಸಹಿತ ತಿಳಿದು, ನಾಲ್ಕು ಮಂದಿಗೆ ತಿಳಿಸಬೇಕಾದರೆ ಓದು ಬೇಕು. ಅವಳು ತಿರುಗಿ ಬರುವಳೋ ಇಲ್ಲವೋ ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಆದರೆ ಬಂದರೆ ನೋಡಲು ಇಲ್ಲಿ ಏನು ಉಳಿದಿರುತ್ತದೆ ಎಂಬುದು ನಿಮ್ಮ ಕೈಯಲ್ಲಿದೆ.”

ಅವರು ತಲೆ ತಗ್ಗಿಸಿದರು. ಸುರಂಗದ ಮೇಲಣ ಗುಡ್ಡದ ಮರಗಳನ್ನು ಈ ವರ್ಷ ಕಡಿಸಿ ರಬ್ಬರ್ ಹಾಕುವುದೆಂದು ನಿಶ್ಚಯಿಸಿ, ಮರದ ವ್ಯಾಪಾರಿಯಿಂದ ಮುಂಗಡವನ್ನೂ ಪಡೆದಿದ್ದರಂತೆ. ಸುರಂಗದಲ್ಲಿ ಹೂಳು ತುಂಬಿ ಎರಡು ಬೇಸಗೆ ಕಳೆದಿದೆಯಂತೆ.

ನಾವು ಹೆಚ್ಚಿಗೆ ಏನೂ ಹೇಳಲಿಲ್ಲ. ಸಂಸಾರದ ಖರ್ಚು ಅವರದು, ಸಲಹೆ ಮಾತ್ರ ನಮ್ಮದು. ಗೇಟಿನವರೆಗೆ ಹೋದವರು ತಿರುಗಿ ನಿಂತು, “ಮುಂಗಡ ಹಿಂದೆ ಕೊಟ್ಟರೆ ಅವ ತೆಗೆದುಕೊಂಡಾನೋ, ಮಾಷ್ಟ್ರೇ?” ಎಂದು ಕೇಳಿದರು.

ಕೇಳಿ ನೋಡಿ ಎಂದೆವು.