ದೇಶಭಕ್ತಿಯ ಪಾಠ ಸಾಕು, ಉದ್ಯೋಗದ ಲೆಕ್ಕ ಕೊಡಿ

ಬೆಳಗಿನ ಹೊತ್ತು ಕಾರವಾರದ ಶಿರವಾಡ ರೈಲು ನಿಲ್ದಾಣಕ್ಕೆ ಬಂದು ನಿಂತು ನೋಡಿ. ಬುತ್ತಿ ಡಬ್ಬಿ ಹಿಡಿದ ಹುಡುಗ ಹುಡುಗಿಯರು ಗೋವಾದ ರೈಲಿಗೆ ಕಾಯುತ್ತಿರುತ್ತಾರೆ. ಐಟಿಐ ಮುಗಿಸಿದವರು, ಡಿಪ್ಲೊಮಾ ಮಾಡಿದವರು, ಬಿಎಸ್ಸಿ ಓದಿದವರು. ವೆರ್ಣಾದ ಕಾರ್ಖಾನೆಗಳಲ್ಲಿ ಗುತ್ತಿಗೆ ಕೆಲಸ ಮಾಡಿ ರಾತ್ರಿ ಮನೆ ಸೇರುವವರು. ಇದೇ ಕಾರವಾರದ ಅರ್ಗಾದಲ್ಲಿ, ಕದಂಬ ನೌಕಾನೆಲೆಯ ಗೇಟು ಇವರ ಮನೆಗಳಿಂದ ಬಸ್ಸಿನ ದಾರಿಯಷ್ಟೇ ದೂರ. ಆ ಗೇಟು ಇವರಿಗೆ ತೆರೆಯಲಿಲ್ಲ. ಗೋವಾದ ಗೇಟು ತೆರೆಯಿತು.

ಇಂಥ ಮಕ್ಕಳಿಗೆ ಈಗ ಉಪದೇಶ ಶುರುವಾಗಿದೆ. ನಿಮಗೆ ಕೌಶಲವಿಲ್ಲ, ಶಿಸ್ತಿಲ್ಲ, ಕಾಲೇಜಿನಲ್ಲೇ ರಕ್ಷಣಾ ವಲಯದ ತರಬೇತಿ ಕೊಡಿಸುತ್ತೇವೆ, ಜೊತೆಗೆ ಪೌರಪ್ರಜ್ಞೆಯನ್ನೂ ಕಲಿಸುತ್ತೇವೆ ಎಂದು. 2021ರಲ್ಲಿ ಯುಜಿಸಿ ಎನ್‌ಸಿಸಿಯನ್ನು ಕ್ರೆಡಿಟ್ ಸಿಗುವ ಐಚ್ಛಿಕ ವಿಷಯವಾಗಿಸಲು ವಿಶ್ವವಿದ್ಯಾಲಯಗಳಿಗೆ ಹೇಳಿತು. 2022ರಲ್ಲಿ ಅಗ್ನಿಪಥ ಬಂತು. ಅದರ ಬೆನ್ನಿಗೇ ಅಗ್ನಿವೀರರ ಸೇನಾ ತರಬೇತಿಯನ್ನೇ ಅರ್ಧ ಪದವಿಯೆಂದು ಎಣಿಸುವ ಇಗ್ನೋ ಕೋರ್ಸು ಬಂತು. ಶಿವಮೊಗ್ಗದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯದ ಕ್ಯಾಂಪಸ್ಸೇ ತೆರೆದಿದೆ. ನಾಗರಿಕನಾಗುವ ಪಾಠ, ನೇಮಕಾತಿಯ ತಯಾರಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವ ಈ ಯೋಚನೆಯನ್ನು ನಾನು ಪೂರ್ತಿ ವಿರೋಧಿಸುತ್ತೇನೆ. ಕೆಲಸ ಬೇಕಿದ್ದರೆ ಪ್ರಶ್ನೆ ಕೇಳಬೇಡ ಎಂಬ ಪಾಠವನ್ನೇ ಅದು ಹದಿನೆಂಟರ ಹುಡುಗನಿಗೆ ಕಲಿಸುತ್ತದೆ.

ಪೌರಪ್ರಜ್ಞೆಯನ್ನು ಕಾರವಾರದ ಪಕ್ಕದ ಅಂಕೋಲೆಗೆ ಕಲಿಸಲು ಬರುವವರು ಮೊದಲು ಅಂಕೋಲೆಯ ಚರಿತ್ರೆ ಓದಲಿ. 1930ರಲ್ಲಿ ಇಲ್ಲಿ ಉಪ್ಪು ಮಾಡಿದರು. ಕರ ಕೊಡುವುದಿಲ್ಲ ಎಂದು ಎದ್ದು ನಿಂತರು. ಜಮೀನು, ಜಾನುವಾರು, ಪಾತ್ರೆ ಪಡಗ ಜಪ್ತಿಯಾದರೂ ಬಗ್ಗಲಿಲ್ಲ. ದಿನಕರ ದೇಸಾಯಿಯವರು ಗೇಣಿದಾರರನ್ನು ಸಂಘಟಿಸಿ ಗಡಿಪಾರಾದರು. ಮರಳಿ ಬಂದು ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ತಂದರು. ಅವರ ಟ್ರಸ್ಟು 1966ರಲ್ಲಿ ಅಂಕೋಲೆಯಲ್ಲಿ ತೆರೆದ ಕಾಲೇಜಿಗೆ ಇಟ್ಟ ಹೆಸರು ಗೋಖಲೆಯವರದು. ಅದು ಅವರ ಜನ್ಮಶತಾಬ್ದಿಯ ವರ್ಷ. ಗೋಖಲೆಯವರು ಯಾರು? ವೈಸರಾಯ್ ಎದುರಿಗೆ ಬಜೆಟ್ ಮೇಲೆ ಮಾತಾಡುತ್ತ, ಸೇನೆಗೆ ಇಷ್ಟೇಕೆ ಸುರಿಯುತ್ತೀರಿ, ಶಾಲೆಗೆ ಇಷ್ಟು ಕಡಿಮೆ ಏಕೆ ಎಂದು ಲೆಕ್ಕ ಕೇಳಿದವರು. ಪೌರಶಿಕ್ಷಣ ಅಂದರೆ ಅದು. ರಕ್ಷಣೆಯ ಖರ್ಚನ್ನೂ ಪ್ರಶ್ನಿಸುವ ಎದೆಗಾರಿಕೆ ಅದು. ನೇಮಕಾತಿಯ ಗಂಟಿಗೆ ಕಟ್ಟಿದ ಪಾಠದಲ್ಲಿ ಈ ಗೋಖಲೆಗೆ ಜಾಗ ಎಲ್ಲಿದೆ?

ಇನ್ನು ಉದ್ಯೋಗದ ಮಾತು. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿಯವರು ಕಾರವಾರದಲ್ಲಿ ಈ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 11 ಸಾವಿರ ಎಕರೆಗೂ ಮಿಕ್ಕಿದ ನೆಲ ಹೋಯಿತು. ಅರ್ಗಾ, ಬಿಣಗಾ, ಚೆಂಡಿಯಾ, ಅಮದಳ್ಳಿ, ಹಾರವಾಡದ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. ತಲೆಮಾರುಗಳಿಂದ ಬಲೆ ಬೀಸಿದ ನೀರು ಮೀನುಗಾರರಿಗೆ ನಿಷಿದ್ಧವಾಯಿತು. ಪರಿಹಾರಕ್ಕಾಗಿ ಗುಂಟೆ ಗುಂಟೆಗೂ ಕೋರ್ಟಿಗೆ ಅಲೆದು ಎಷ್ಟೋ ಜನ ತೀರಿಕೊಂಡರು. 2005ರ ಮೇ 31ರಂದು ನೆಲೆ ಕಾರ್ಯಾರಂಭ ಮಾಡಿತು. 2024ರ ಮಾರ್ಚ್‌ನಲ್ಲಿ ಎರಡನೇ ಹಂತದ ಜೆಟ್ಟಿ, ವಸತಿಗಳು ಉದ್ಘಾಟನೆಯಾದಾಗ ರಕ್ಷಣಾ ಸಚಿವಾಲಯ ಒಂದು ಲೆಕ್ಕ ಪ್ರಕಟಿಸಿತು: ನಿರ್ಮಾಣದಿಂದ 7,000 ನೇರ ಉದ್ಯೋಗ, 20,000 ಪರೋಕ್ಷ ಉದ್ಯೋಗ. ಒಟ್ಟು 27,000!

ಈ 27,000ದಲ್ಲಿ ನಿರಾಶ್ರಿತರ ಮಕ್ಕಳು ಎಷ್ಟು? ತೋಡೂರಿನ ನಿರಾಶ್ರಿತರ ಕಾಲೊನಿಯವರು ಎಷ್ಟು? ಎಷ್ಟು ಕೆಲಸ ಕಾಯಂ, ಎಷ್ಟು ಕೆಲಸ ಸಿಮೆಂಟಿನ ಜೊತೆಗೇ ಮುಗಿಯುವಂಥದ್ದು? ಒಟ್ಟು ಸಂಖ್ಯೆ ಹೇಳಲು ಬಂದವರಿಗೆ ಊರುವಾರು ಸಂಖ್ಯೆ ಹೇಳಲು ಏನು ಅಡ್ಡಿ?

ಕೌಶಲವಿಲ್ಲ ಎನ್ನುವುದು ಶುದ್ಧ ಸುಳ್ಳು. ಕಾರವಾರದ ನೌಕಾ ಹಡಗು ದುರಸ್ತಿ ಕೇಂದ್ರ ತಾನೇ ಐಟಿಐ ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಂಡು ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಕೆಲಸ ಕಲಿಸುತ್ತದೆ. ಅವಧಿ ಮುಗಿದ ಮೇಲೆ ಕೈಗೆ ಪ್ರಮಾಣಪತ್ರ ಬರುತ್ತದೆ, ಕೆಲಸದ ಖಾತರಿ ಬರುವುದಿಲ್ಲ. ನೌಕಾಪಡೆಯೇ ಕಲಿಸಿದ ಕೌಶಲ ನೌಕಾಪಡೆಯ ಕೆಲಸಕ್ಕೆ ಸಾಲದೆ? ಅಗ್ನಿಪಥದ್ದೂ ಇದೇ ಕಥೆ: ನಾಲ್ಕು ವರ್ಷ ದುಡಿಸಿಕೊಂಡು ನೂರಕ್ಕೆ 25 ಜನರನ್ನು ಮಾತ್ರ ಉಳಿಸಿಕೊಳ್ಳುವುದು.

ಸಿವಿಲಿಯನ್ ಹುದ್ದೆಗಳಿಗೆ ಇಡೀ ದೇಶಕ್ಕೆ ಒಂದೇ ಪರೀಕ್ಷೆ. ಪ್ರಶ್ನೆಪತ್ರಿಕೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕಾರವಾರದ ಮನೆಗಳಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಈ ಎರಡರಲ್ಲಿ ಬೆಳೆದ ಹುಡುಗಿ ಹಿಂದಿ ನಾಡಿನ ಹುಡುಗನೊಡನೆ ಅವನ ಭಾಷೆಯಲ್ಲಿ ಸ್ಪರ್ಧಿಸಬೇಕು, ಅದೂ ತನ್ನ ಅಜ್ಜನ ಗದ್ದೆಯ ಮೇಲೆ ಕಟ್ಟಿದ ಕಚೇರಿಯ ಕೆಲಸಕ್ಕಾಗಿ. 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆ ಕನ್ನಡದಲ್ಲೂ ನಡೆಯುತ್ತಿದೆ. ಗಡಿ ಕಾಯಲು ಕನ್ನಡದಲ್ಲಿ ಪರೀಕ್ಷೆ ಬರೆಯಬಹುದಾದರೆ ಹಡಗಿನ ಬೋಲ್ಟು ಬಿಗಿಯಲು ಏಕೆ ಬರೆಯಬಾರದು?

ನಮ್ಮ ಉತ್ತರ ಕನ್ನಡವನ್ನು ಕೇಳಿದಾಗಲೆಲ್ಲ ಕೊಡುವ ಜಿಲ್ಲೆ ಎಂದೇ ಎಲ್ಲರೂ ತಿಳಿದಿದ್ದಾರೆ. ಸೂಪಾ, ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳಿಗೆ ಕೊಟ್ಟೆವು. ಕೈಗಾಕ್ಕೆ ಕೊಟ್ಟೆವು, ಕೊಂಕಣ ರೈಲಿಗೆ ಕೊಟ್ಟೆವು, ಹೆದ್ದಾರಿಗೆ ಕೊಟ್ಟೆವು. ಅಲಗೇರಿಯಲ್ಲಿ ವಿಮಾನ ನಿಲ್ದಾಣಕ್ಕೆ ಜಾಗ ಕೇಳಿದ್ದಾರೆ, ಕೇಣಿಯಲ್ಲಿ ಬಂದರಿಗೆ ಕಡಲನ್ನೇ ಕೇಳುತ್ತಿದ್ದಾರೆ. ಇಷ್ಟು ಕೊಟ್ಟ ಜಿಲ್ಲೆಯವರು ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಟ್ಟಲೆ ಬೀದಿಗಿಳಿಯಬೇಕಾಯಿತು. ಎದೆನೋವು ಬಂದರೆ ಇಂದಿಗೂ ಆಂಬುಲೆನ್ಸ್ ಗೋವಾದ ಬಾಂಬೋಳಿಗೋ ಮಣಿಪಾಲಕ್ಕೋ ಓಡುತ್ತದೆ. ಇಂಥ ಜನಕ್ಕೆ ದೇಶಕ್ಕಾಗಿ ತ್ಯಾಗ ಮಾಡುವುದು ಹೇಗೆಂದು ಪಾಠ ಹೇಳುವುದು ಅವಮಾನ.

ನಮ್ಮ ಕಾಲೇಜುಗಳಲ್ಲಿ ಸಂವಿಧಾನ ಕಲಿಸಿ, ಖಂಡಿತ ಕಲಿಸಿ. ಸೇನೆಗೆ ಹೋಗುವ ಮನಸ್ಸಿದ್ದವರಿಗೆ ಎನ್‌ಸಿಸಿಯೂ ಇರಲಿ. ಆದರೆ ಒಂದರ ಕೊರಳಿಗೆ ಇನ್ನೊಂದನ್ನು ಕಟ್ಟಬೇಡಿ. ಸಂಸದರು, ಶಾಸಕರು ಮುಂದಿನ ಸಲ ನೌಕಾನೆಲೆಯ ವೇದಿಕೆ ಹತ್ತುವ ಮೊದಲು ಆ 27,000ದ ಊರುವಾರು ಪಟ್ಟಿ ಕೇಳಿ ತರಲಿ. ಪರೀಕ್ಷೆ ಕನ್ನಡದಲ್ಲಿ ಆಗಲಿ, ನೆಲ ಬಿಟ್ಟುಕೊಟ್ಟ ಮನೆಯ ಮಕ್ಕಳಿಗೆ ಮೊದಲ ಹಕ್ಕು ಸಿಗಲಿ. ಇದಕ್ಕೆ ಹೆಚ್ಚು ಸಮಯವೂ ಉಳಿದಿಲ್ಲ. ಅಡಿಗಲ್ಲು ಹಾಕಿದ ವರ್ಷ ಅರ್ಗಾದಲ್ಲಿ ಹುಟ್ಟಿದ ಮಗುವಿಗೆ ಈಗ ನಲವತ್ತರ ಆಸುಪಾಸು. ನೌಕಾಪಡೆಯ ಟ್ರೇಡ್ಸ್‌ಮನ್ ಮೇಟ್ ಹುದ್ದೆಗೆ ಸಾಮಾನ್ಯ ವಯೋಮಿತಿ 25.