ವಸ್ತುಪರೀಕ್ಷೆ: ರೂಪ ಬದಲಿಸುವ ಯಂತ್ರಮೃಗ

ಹಳೆಯ ನಾಣ್ಯ, ಅಂಚೆಚೀಟಿ ಮೊದಲಾದುವನ್ನು ಕೂಡಿಡುವ ಹವ್ಯಾಸವು ನಮ್ಮ ಮನೆಗಳಿಗೆ ಹೊಸದಲ್ಲ. ಈಚೆಗೆ ಆ ಸಾಲಿಗೆ ಆಟದ ಸಾಮಾನೂ ಸೇರಿದೆ. ಮಕ್ಕಳ ಕೈಗೆಂದು ಹುಟ್ಟಿದ ಗೊಂಬೆಯನ್ನು ದೊಡ್ಡವರು ಗಾಜಿನ ಬೀರುವಿನಲ್ಲಿಟ್ಟು ಕಾಪಾಡುತ್ತಾರೆ. ಅದಕ್ಕಾಗಿ ತಿಂಗಳ ಸಂಬಳದಲ್ಲಿ ದೊಡ್ಡದೊಂದು ಪಾಲನ್ನು ತೆರುವವರೂ ಉಂಟು. ತೆರುವುದು ತಪ್ಪೆಂದು ನಾವು ಹೇಳಲಾರೆವು. ಆದರೆ ಏನನ್ನು ನೋಡಿ ತೆರಬೇಕೆಂಬುದನ್ನು ಅರಿಯದೆ ತೆತ್ತರೆ ಹಣವೂ ಹೋಗುತ್ತದೆ, ಮನೆಯವರಿಂದ ಮಾತೂ ಬರುತ್ತದೆ. ಆದಕಾರಣ ಈ ತಿಂಗಳ ಪರೀಕ್ಷೆಗೆ ಇಂಥ ಗೊಂಬೆಗಳಲ್ಲಿ ಹೆಸರಾದ ‘ಗ್ರಿಮ್‌ಲಾಕ್’ ಎಂಬುದನ್ನು ಆರಿಸಿಕೊಂಡಿದ್ದೇವೆ.

ಮೊದಲು ಅದರ ಹುಟ್ಟಿನ ವಿಚಾರ. ಜಪಾನಿನ ಟಕಾರಾ ಕಂಪೆನಿಯವರು 1980ರಲ್ಲಿ ‘ಡಯಾಕ್ಲೋನ್’ ಎಂಬ ಆಟಿಕೆಗಳ ಮಾಲೆಯೊಂದನ್ನು ಆರಂಭಿಸಿದರು. ದೊಡ್ಡ ಯಂತ್ರಗಳೊಳಗೆ ಪುಟ್ಟ ಸಾರಥಿಗಳನ್ನು ಕೂರಿಸುವುದು ಆ ಮಾಲೆಯ ವಿಶೇಷ. ಅಮೆರಿಕದ ಹ್ಯಾಸ್‌ಬ್ರೋ ಕಂಪೆನಿಯವರು ಅದರಿಂದಲೂ ಟಕಾರಾದವರ ಮತ್ತೊಂದು ಮಾಲೆಯಿಂದಲೂ ಅಚ್ಚುಗಳನ್ನು ಆಯ್ದುಕೊಂಡು, 1984ರಲ್ಲಿ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಹೆಸರಿನಿಂದ ಮಾರಾಟಕ್ಕೆ ತಂದರು. ಡಯಾಕ್ಲೋನಿನ ಡೈನೋಸಾರ್ ಗೊಂಬೆಗಳು 1985ರಲ್ಲಿ ಈ ಹೊಸ ಹೆಸರಿನ ಕೆಳಗೆ ಅಂಗಡಿಗಳಿಗೆ ಬಂದುವು. ಐದು ಮೃಗಗಳ ಆ ತಂಡಕ್ಕೆ ಗ್ರಿಮ್‌ಲಾಕನೇ ನಾಯಕ. ಮೂಲದ ಸಾರಥಿಯು ಕೂರುತ್ತಿದ್ದ ಸ್ಥಳವನ್ನು ಅಮೆರಿಕದ ಗೊಂಬೆಯಲ್ಲಿಯೂ ಕಾಣಬಹುದು. ಸಾರಥಿ ಮಾತ್ರ ಇಲ್ಲ.

ಇನ್ನು ಅದರ ರಚನೆ. ಗ್ರಿಮ್‌ಲಾಕನು ಒಮ್ಮೆ ಟೈರನೋಸಾರಸ್ ಎಂಬ ಪ್ರಾಚೀನ ಮೃಗ, ಮತ್ತೊಮ್ಮೆ ಮನುಷ್ಯಾಕಾರದ ರೋಬೋಟ್. ಭಾಗಗಳನ್ನು ಕಳಚಿ ಬೇರೆಯಾಗಿ ಜೋಡಿಸುವುದರಿಂದ ಈ ಬದಲಾವಣೆ ಆಗತಕ್ಕದ್ದಲ್ಲ; ಮಡಚಿ, ಹೊರಳಿಸಿ, ಎಳೆದು ಆಗತಕ್ಕದ್ದು. ಮೃಗದ ಬಾಲವೆಂದು ಕಾಣುವುದು ಒಂದಕ್ಕೊಂದು ಜೋಡಿಸಿದ ರೋಬೋಟಿನ ಎರಡು ಕಾಲುಗಳು. ಮೃಗದ ಹಿಂಗಾಲುಗಳೇ ರೋಬೋಟಿನ ತೋಳುಗಳಾಗುತ್ತವೆ. ಮೃಗದ ತಲೆಯು ಬೆನ್ನ ಹಿಂದಕ್ಕೆ ಸರಿದು ಮರೆಯಾಗುತ್ತದೆ. ಒಂದೇ ಅವಯವಕ್ಕೆ ಎರಡು ಉದ್ಯೋಗ, ಯಾವುದೂ ವ್ಯರ್ಥವಲ್ಲ. ಇಂಥ ಗೊಂಬೆಯ ನಿಜವಾದ ಕಲೆ ಇದೇ. ಮೃಗವನ್ನು ನೋಡುವಾಗ ಒಳಗೆ ಮನುಷ್ಯಾಕಾರ ಅಡಗಿದೆಯೆಂಬುದು ಮರೆಯಬೇಕು, ಮನುಷ್ಯಾಕಾರವನ್ನು ನೋಡುವಾಗ ಮೃಗವು ಮರೆಯಬೇಕು. ಎರಡರಲ್ಲಿ ಒಂದು ಕೆಟ್ಟರೂ ಗೊಂಬೆ ಅರ್ಧವೇ ಸರಿ.

ಈ ಅಳತೆಯಿಂದ ನೋಡಿದರೆ 1985ರ ಗ್ರಿಮ್‌ಲಾಕನಿಗೆ ಒಳ್ಳೆಯ ಅಂಕಗಳೇ ಸಲ್ಲುತ್ತವೆ. ಒಂದು ಆಕ್ಷೇಪವುಂಟು: ಮೃಗವು ಬಾಲವನ್ನು ನೆಲಕ್ಕೂರಿ ನೆಟ್ಟಗೆ ನಿಲ್ಲುತ್ತದೆ, ಟೈರನೋಸಾರಸ್ ಹೀಗೆ ನಿಲ್ಲುತ್ತಿರಲಿಲ್ಲ ಎಂದು. ಮಾತು ನಿಜ. ಆ ಮೃಗಕ್ಕೆ 1905ರಲ್ಲಿ ಓಸ್ಬಾರ್ನ್ ಎಂಬ ವಿದ್ವಾಂಸರು ಹೆಸರಿಟ್ಟ ತರುವಾಯ ನ್ಯೂಯಾರ್ಕಿನ ವಸ್ತುಸಂಗ್ರಹಾಲಯದಲ್ಲಿ ಅದರ ಎಲುಬುಗಳನ್ನು ನೆಟ್ಟಗೆಯೇ ನಿಲ್ಲಿಸಿದ್ದರು. ಬೆನ್ನು ನೆಲಕ್ಕೆ ಸಮವಾಗಿ, ಬಾಲವು ಗಾಳಿಯಲ್ಲಿ ತಕ್ಕಡಿಯಂತೆ ತೂಗಿ ನಡೆಯುತ್ತಿತ್ತೆಂದು ಮುಂದೆ ತಿಳಿದುಬಂದಾಗ, 1990ರ ದಶಕದಲ್ಲಿ ಅಲ್ಲಿಯೇ ಅದನ್ನು ಬಿಚ್ಚಿ ಮತ್ತೆ ಕಟ್ಟಿದರು. ಗೊಂಬೆಯು ತನ್ನ ಕಾಲದ ತಿಳಿವಳಿಕೆಯನ್ನು ತೋರಿಸುತ್ತದೆ. ಅದನ್ನು ದೋಷವೆಂದು ಎಣಿಸಲಾಗದು. ಕೈಕಾಲುಗಳ ಕೀಲುಗಳು ಕಡಿಮೆಯೆಂಬುದು ಮಾತ್ರ ನಿಜವಾದ ಕೊರತೆ. ರೋಬೋಟು ಗಂಭೀರವಾಗಿ ನಿಲ್ಲಬಲ್ಲದೇ ಹೊರತು ಕುಳಿತುಕೊಳ್ಳಲಾರದು, ಓಡುವ ಭಂಗಿಗೆ ಬಾರದು. ಟಕಾರಾ ಟೋಮಿಯವರು 2009ರಲ್ಲಿ ಸಂಗ್ರಾಹಕರಿಗೆಂದೇ ಹೊರತಂದ ‘ಮಾಸ್ಟರ್‌ಪೀಸ್’ ಮಾಲೆಯ ಗ್ರಿಮ್‌ಲಾಕನು ಈ ಕೊರತೆಯನ್ನು ಬಹುಮಟ್ಟಿಗೆ ನೀಗಿಸಿದನು.

ಹಳೆಯದನ್ನೇ ಕೊಳ್ಳಬೇಕೆನ್ನುವವರು ಹೀಗೆ ಪರೀಕ್ಷಿಸತಕ್ಕದ್ದು. ಮೊದಲು ಕೀಲುಗಳು: ಪ್ರತಿಯೊಂದನ್ನೂ ಮೆಲ್ಲನೆ ತಿರುಗಿಸಿ ನೋಡಬೇಕು. ಸಡಿಲವಾದ ಕೀಲನ್ನು ಸಹಿಸಬಹುದು. ಬಿರುಕುಬಿಟ್ಟ ಪ್ಲಾಸ್ಟಿಕ್ಕನ್ನು ಸಹಿಸಲಾಗದು. ಎರಡನೆಯದು ಮೆರುಗು: ಚಿನ್ನದ ಬಣ್ಣದ ಭಾಗಗಳ ಮೇಲಿರುವುದು ಬಹು ತೆಳುವಾದ ಲೋಹದ ಲೇಪ. ಬೆರಳುಗಳ ಉಜ್ಜಾಟಕ್ಕೇ ಅದು ಸವೆಯುತ್ತದೆ. ಸವೆದುದು ಮರಳಿ ಬಾರದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬಂತೆ, ಹಳೆಯ ಗೊಂಬೆಯು ಅತಿಯಾಗಿ ಹೊಳೆದರೆ ಹೊಸ ಭಾಗಗಳನ್ನು ಹಾಕಿರಬಹುದೇ ಎಂದು ವಿಚಾರಿಸಬೇಕು. ಮೂರನೆಯದು ಜೊತೆಯ ಆಯುಧಗಳು: ಕತ್ತಿ, ಬಂದೂಕು ಮುಂತಾದುವು ಮಕ್ಕಳ ಕೈಯಲ್ಲಿ ಮೊದಲು ಕಳೆದುಹೋಗತಕ್ಕವು. ಅವು ಇಲ್ಲದಿದ್ದರೆ ಬೆಲೆಯು ಸಾಕಷ್ಟು ಇಳಿಯಬೇಕು. ನಾಲ್ಕನೆಯದು ಗುರುತು: 1985ರಿಂದ ಈ ಗೊಂಬೆಗಳಿಗೆ ಉಷ್ಣಕ್ಕೆ ಬಣ್ಣ ಬದಲಿಸುವ ಪುಟ್ಟ ಚೀಟಿಯೊಂದನ್ನು ಅಂಟಿಸುತ್ತಿದ್ದರು. ಬೆರಳಿನಿಂದ ಉಜ್ಜಿದರೆ ಅದರಲ್ಲಿ ಪಕ್ಷದ ಮುದ್ರೆ ಮೂಡುತ್ತದೆ. ಆದರೆ ವಯಸ್ಸಾದ ಚೀಟಿಯು ಮೂಕವಾಗಿರುವುದೂ ಉಂಟು, ಅದೊಂದನ್ನೇ ನೆಚ್ಚಬಾರದು. ಈ ಗೊಂಬೆಯನ್ನು ಮುಂದೆ ಮತ್ತೆ ಮತ್ತೆ ತಯಾರಿಸಿ ಮಾರಿದ್ದಾರೆ, ನಕಲುಗಳೂ ಹೊರಟಿವೆ. ಹೊಸ ತಯಾರಿಕೆಯನ್ನು ಹಳೆಯದರ ಬೆಲೆಗೆ ಕೊಳ್ಳುವ ಅಪಾಯವಿದೆ.

ಕೊನೆಯದಾಗಿ, ಬಿಚ್ಚದ ಪೆಟ್ಟಿಗೆಯ ಪ್ರಶ್ನೆ. ಎಂದೂ ತೆರೆಯದ ಪೆಟ್ಟಿಗೆಗೆ ಸಂಗ್ರಾಹಕರು ಹಲವು ಮಡಿ ಬೆಲೆ ಕೊಡುವುದುಂಟು. ಮುದ್ರೆ ಒಡೆಯದಿದ್ದರೆ ಒಳಗಿನದು ಹೊಸದಾಗಿಯೇ ಇರುವುದೆಂದು ಅವರ ನಂಬಿಕೆ. ಪ್ಲಾಸ್ಟಿಕ್ಕು ಈ ಕರಾರಿಗೆ ಒಪ್ಪುವುದಿಲ್ಲ. ಇದೇ ಮಾಲೆಯ ಜೆಟ್‌ಫೈರ್ ಎಂಬ ಬಿಳಿಯ ಗೊಂಬೆಯು ಮುಚ್ಚಿದ ಪೆಟ್ಟಿಗೆಯೊಳಗೂ ಹಳದಿಯಾಗುವುದನ್ನು ಕಂಡಿದ್ದಾರೆ. 1980ರ ದಶಕದ ಕೊನೆಯಿಂದ ಬಂದ ಕೆಲವು ಗೊಂಬೆಗಳಲ್ಲಿ ಚಿನ್ನದ ಛಾಯೆಗಾಗಿ ಹೊಳಪಿನ ಪುಡಿ ಬೆರೆಸಿದ ಪ್ಲಾಸ್ಟಿಕ್ಕನ್ನು ಬಳಸಿದರು. ಅವು ಯಾರೂ ಮುಟ್ಟದೆಯೇ ಒಳಗೊಳಗೆ ಬಿರುಸಾಗಿ, ಮೊದಲ ಸಲ ತಿರುಗಿಸಿದಾಗಲೇ ಚೂರಾದುವು. ಗ್ರಿಮ್‌ಲಾಕನ ಚಿನ್ನವು ಆ ಬಗೆಯದಲ್ಲ, ಮೇಲ್ಮೈಯ ಲೇಪ ಮಾತ್ರ. ಆದರೂ ಪಾಠ ಒಂದೇ. ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳುವವನು ರಟ್ಟಿಗೆ ಹಣ ಕೊಡುತ್ತಾನೆ. ಗೊಂಬೆಯ ಆರೋಗ್ಯವು ಅವನಿಗೆ ತಿಳಿಯುವಂತಿಲ್ಲ. ರೂಪ ಬದಲಿಸುವುದೇ ಧರ್ಮವಾಗಿರುವ ವಸ್ತುವನ್ನು ಒಮ್ಮೆಯೂ ಬದಲಿಸಿ ನೋಡದೆ ಹೇಗೆ ಬೆಲೆಕಟ್ಟುವುದು?

ಆದುದರಿಂದ ನಮ್ಮ ತೀರ್ಪು ಇಷ್ಟು. ಬಾಲ್ಯದಲ್ಲಿ ಆಡಿದ ನೆನಪಿಗಾಗಿ ಬಯಸುವವರು, ಪೆಟ್ಟಿಗೆಯಿಲ್ಲದಿದ್ದರೂ ಕೀಲು ಗಟ್ಟಿಯಾಗಿ ಆಯುಧಗಳು ಪೂರ್ತಿಯಾಗಿರುವ 1985ರದನ್ನು ಕೈಯಲ್ಲಿ ಹಿಡಿದು ನೋಡಿ ಕೊಳ್ಳಲಿ. ಭಂಗಿಗಳನ್ನು ಬದಲಿಸಿ ಬೀರುವಿನಲ್ಲಿ ನಿಲ್ಲಿಸಲು ಬಯಸುವವರಿಗೆ 2009ರದು ತಕ್ಕುದು. ಮಕ್ಕಳ ಕೈಗೆ ಕೊಡುವವರಿಗೆ ಹೊಸ ತಯಾರಿಕೆಯೇ ಸಾಕು, ಮುರಿದರೆ ದುಃಖವಿಲ್ಲ. ಯಾವುದನ್ನು ಕೊಂಡರೂ ಬಿಸಿಲು ತಾಗದೆಡೆಯಲ್ಲಿಟ್ಟು, ಆಗಾಗ ಕೈಗೆತ್ತಿಕೊಂಡು ಎರಡು ರೂಪಗಳನ್ನೂ ನೋಡುತ್ತಿರಲಿ. ಮನೆಯ ಮಕ್ಕಳಿಗೂ ತೋರಿಸಲಿ.